ಹಾಸನಕ್ಕೆ ಪೈಪ್ ಗ್ಯಾಸ್: ಬರ್ನರ್ ತೂತಿನಲ್ಲಿರುವ ಲೆಕ್ಕ

ಹಾಸನ, ಚಿಕ್ಕಮಗಳೂರು ಕಡೆಯ ಕಾರ್ಖಾನೆ, ಹೋಟೆಲ್, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಪೈಪ್ ಗ್ಯಾಸ್ ಮಾತು ಆಗಾಗ ಏಳುತ್ತದೆ. ಕೊಳವೆ ಬರುತ್ತಂತೆ, ಸಿಲಿಂಡರ್ ತಾಪತ್ರಯ ಮುಗಿಯುತ್ತಂತೆ. ಈ ಸುದ್ದಿಯ ಬಾಲಕ್ಕೆ ಇನ್ನೊಂದು ಸಾಲು ಅಂಟಿಕೊಂಡಿರುತ್ತದೆ: ಪೈಪ್ ಗ್ಯಾಸ್‌ಗೆ ಬರುವವರು ಬರ್ನರ್ ಬದಲಿಸಬೇಕು, ಇಲ್ಲವೇ ಮಾರ್ಪಡಿಸಿಕೊಳ್ಳಬೇಕು.

ಗೊಂದಲ ಶುರುವಾಗುವುದೇ ಇಲ್ಲಿ. ಅದೂ ಗ್ಯಾಸ್, ಇದೂ ಗ್ಯಾಸ್. ಎರಡೂ ನೀಲಿಯಾಗಿಯೇ ಉರಿಯುತ್ತವೆ. ಹಾಗಿದ್ದ ಮೇಲೆ ಚೆನ್ನಾಗಿರುವ ಬರ್ನರ್ ಯಾಕೆ ಬಿಚ್ಚಬೇಕು? ಇದು ಸುಮ್ನೆ ಹೊಸ ಸಾಮಾನು ಮಾರುವ ಉಪಾಯ ಅಲ್ವಾ? ಒಬ್ಬರು ‘ನಾಜಲ್ ತೂತು ದೊಡ್ಡದು ಮಾಡಿದರೆ ಸಾಕು’ ಎನ್ನುತ್ತಾರೆ. ಇನ್ನೊಬ್ಬರು ‘ಇಡೀ ಸೆಟ್ ಹೊಸದು ಹಾಕಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದ ಅರ್ಧ ತಿಳಿಯಬೇಕಾದರೆ ಬರ್ನರ್ ಹೊಟ್ಟೆಯೊಳಗೆ ಇಣುಕಬೇಕು.

ಹಾಸನದಲ್ಲಿ ಕೊಳವೆ ಆಗಲೇ ಇದೆಯಲ್ಲ?

ಇದೆ. ಆದರೆ ಬೇರೆಯದು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಕೊಳವೆ ಮಾರ್ಗ 2003ರಿಂದ ಕೆಲಸ ಮಾಡುತ್ತಿದೆ. ಅದರಲ್ಲಿ ಹರಿಯುವುದು ಪೆಟ್ರೋಲ್, ಡೀಸೆಲ್‌ನಂಥ ಎಣ್ಣೆಗಳು. ಮಂಗಳೂರಿನಿಂದ ಹಾಸನದ ಮೂಲಕ ಸಾಗುವ ಎಲ್‌ಪಿಜಿ ಕೊಳವೆಯೂ ಬೇರೆ ಇದೆ. ಅದು ಬಾಟ್ಲಿಂಗ್ ಘಟಕಗಳಿಗೆ ಹೋಗುತ್ತದೆ, ಅಲ್ಲಿಂದ ಸಿಲಿಂಡರ್ ಸೇರುತ್ತದೆ. ಇವೆರಡೂ ಮನೆಗೋ ಕಾರ್ಖಾನೆಗೋ ನೇರ ಸಂಪರ್ಕ ಕೊಡುವ ಕೊಳವೆಗಳಲ್ಲ.

ಈಗ ಮಾತು ನಡೆಯುತ್ತಿರುವುದು ನೈಸರ್ಗಿಕ ಅನಿಲದ ಬಗ್ಗೆ. ಅಂದರೆ ಬಹುಪಾಲು ಮೀಥೇನ್. ಇದನ್ನು ಹಂಚುವ ನಗರ ಅನಿಲ ಜಾಲಕ್ಕಾಗಿ ಚಿಕ್ಕಮಗಳೂರು, ಹಾಸನ, ಕೊಡಗು ಮೂರೂ ಜಿಲ್ಲೆಗಳನ್ನು ಸೇರಿಸಿ ಒಂದೇ ಪ್ರದೇಶವೆಂದು ಗುರುತಿಸಲಾಗಿದೆ. ದೊಡ್ಡ ಕೊಳವೆ ಹತ್ತಿರದಲ್ಲಿ ಇಲ್ಲದ ಊರುಗಳಿಗೆ ಈ ಅನಿಲವನ್ನು ತಣಿಸಿ ದ್ರವ ಮಾಡಿ, ಟ್ಯಾಂಕರ್‌ನಲ್ಲಿ ತಂದು, ಊರಂಚಿನಲ್ಲಿ ಮತ್ತೆ ಅನಿಲ ಮಾಡಿ ಪೈಪಿಗೆ ಬಿಡುವ ಪದ್ಧತಿಯೂ ದೇಶದಲ್ಲಿದೆ.

ಎಲ್‌ಪಿಜಿ ಅನ್ನುವುದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಮೀಥೇನ್‌ಗೂ ಇವುಗಳಿಗೂ ದಾಯಾದಿ ಸಂಬಂಧ. ಮನೆತನ ಒಂದೇ, ಮೈಕಟ್ಟು ಬೇರೆ. ಮೀಥೇನ್ ಗಾಳಿಗಿಂತ ಹಗುರ, ತೂಕದಲ್ಲಿ ಗಾಳಿಯ ಅರ್ಧಕ್ಕಿಂತ ಚೂರು ಜಾಸ್ತಿ ಅಷ್ಟೆ. ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಉರಿದರೆ ಬರುವ ಶಾಖಕ್ಕಿಂತ ಒಂದು ಘನ ಮೀಟರ್ ಎಲ್‌ಪಿಜಿ ಆವಿಯಿಂದ ಬರುವ ಶಾಖ ಎರಡೂವರೆ ಪಟ್ಟಿಗೂ ಜಾಸ್ತಿ. ಮುಂದೆ ಬರುವ ತಕರಾರುಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಬರ್ನರ್ ಅಂದರೆ ಅಳತೆ

ಸೌದೆ ಒಲೆ ಮುಂದೆ ಊದುಕೊಳವೆ ಹಿಡಿದು ಕೂತವರಿಗೆ ಬರ್ನರ್‌ನ ಮೂಲ ತತ್ವ ಗೊತ್ತೇ ಇರುತ್ತದೆ. ಸೌದೆ ಎಷ್ಟು ತುರುಕಿದರೂ ಗಾಳಿ ಸಾಲದಿದ್ದರೆ ಹೊಗೆ. ಗಾಳಿ ವಿಪರೀತವಾದರೆ ಒಲೆ ತಣ್ಣಗೆ. ಕಾರ್ಖಾನೆಯ ಬರ್ನರ್ ಮಾಡುವುದೂ ಇದೇ ಕೆಲಸ. ಆದರೆ ಊದುವವರು ಇಲ್ಲ. ಗಾಳಿಯೂ ಗ್ಯಾಸೂ ಎಷ್ಟೆಷ್ಟು ಬರಬೇಕು ಅನ್ನುವುದನ್ನು ತೂತು, ಒತ್ತಡ, ಬ್ಲೋವರ್ (ಗಾಳಿ ಊದುವ ಫ್ಯಾನ್) ಮೊದಲೇ ನಿರ್ಧರಿಸಿಬಿಟ್ಟಿರುತ್ತವೆ. ಹಾಗಾಗಿ ಬರ್ನರ್ ಒಂದು ಬೆಂಕಿಯ ಬಾಯಿ ಅನ್ನುವುದಕ್ಕಿಂತ, ಬೆಂಕಿ ಹತ್ತಿಸಿಕೊಂಡಿರುವ ಅಳತೆಪಾತ್ರೆ ಅನ್ನುವುದು ಸರಿ.

ಈ ಅಳತೆ ಎಲ್ಲಿಂದ ಶುರುವಾಗುತ್ತದೆ? ಬೆಂಕಿಯಿಂದ ಅಲ್ಲ, ಒಣಗಬೇಕಾದ ಮಾಲಿನಿಂದ. ಒಂದು ಕಾಫಿ ಡ್ರೈಯರ್ ತೆಗೆದುಕೊಳ್ಳೋಣ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬಂದು, ತೊಳೆದು ನೀರು ಬಸಿದ ಪಾರ್ಚ್‌ಮೆಂಟ್‌ನಲ್ಲಿ, ಅಂದರೆ ಒಳಹೊಟ್ಟಿನ ಸಮೇತದ ಕಾಫಿ ಬೀಜದಲ್ಲಿ, ನೂರಕ್ಕೆ ಸುಮಾರು 55 ಪಾಲು ನೀರೇ ಇರುತ್ತದೆ. ಅದನ್ನು 11ಕ್ಕೆ ಇಳಿಸಬೇಕು. ಒಂದು ಟನ್ ಹಸಿ ಪಾರ್ಚ್‌ಮೆಂಟ್‌ನಿಂದ ಹೆಚ್ಚುಕಡಿಮೆ 490 ಕಿಲೋ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ಡ್ರೈಯರ್‌ಗೆ ಕೊಟ್ಟ ಶಾಖದಲ್ಲಿ ಅರ್ಧ ದಂಡವಾಗುತ್ತದೆ ಎಂದು ಹಿಡಿದರೆ, ಒಂದು ಟನ್‌ಗೆ ಐದೂವರೆ ಲಕ್ಷದ ಮೇಲೆ ಕಿಲೋಕ್ಯಾಲರಿ. ಇದನ್ನು ಒಂದು ದಿನ, ಒಂದು ರಾತ್ರಿಯಲ್ಲಿ ಕೊಡಬೇಕೆಂದರೆ ಗಂಟೆಗೆ ಸುಮಾರು 24 ಸಾವಿರ ಬರುತ್ತದೆ. ಅಂದರೆ ಗಂಟೆಗೆ ಒಂದು ಲಕ್ಷ ಕಿಲೋಕ್ಯಾಲರಿಯ ಬರ್ನರ್ ನಾಲ್ಕು ಟನ್ ಹಸಿ ಮಾಲು ನಿಭಾಯಿಸುತ್ತದೆ. ಕಣದಲ್ಲಿ ಎರಡು ದಿನ ಬಿಸಿಲು ಸಿಕ್ಕಿದ್ದರೆ ಇನ್ನೂ ಜಾಸ್ತಿ. ಕೊಯ್ಲಿನ ಹೊತ್ತಿನಲ್ಲೇ ಮಳೆ ಹಿಡಿದುಕೊಳ್ಳುವ ವರ್ಷಗಳಲ್ಲಿ ಆ ಬಿಸಿಲು ಸಿಗುವುದಿಲ್ಲ. ಡ್ರೈಯರ್ ಮಾತು ಬರುವುದೇ ಆಗ.

ಒಂದು ಲಕ್ಷ ಕಿಲೋಕ್ಯಾಲರಿಗೆ ಗಂಟೆಗೆ ನೈಸರ್ಗಿಕ ಅನಿಲವಾದರೆ ಸುಮಾರು 12 ಘನ ಮೀಟರ್ ಬೇಕು. ಎಲ್‌ಪಿಜಿಯಾದರೆ ಸುಮಾರು 9 ಕಿಲೋ, ಆವಿಯ ಲೆಕ್ಕದಲ್ಲಿ 4 ಘನ ಮೀಟರ್ ಚಿಲ್ಲರೆ. ಈಗ ಗಾಳಿ ಲೆಕ್ಕ ನೋಡಿ. ಮೀಥೇನ್‌ನ ಒಂದು ಪಾಲಿಗೆ ಒಂಬತ್ತೂವರೆ ಪಾಲು ಗಾಳಿ ಬೇಕು. ಪ್ರೊಪೇನ್‌ನ ಒಂದು ಪಾಲಿಗೆ ಸುಮಾರು 24, ಬ್ಯೂಟೇನ್‌ಗೆ 31. ಗುಣಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅಷ್ಟೇ ಶಾಖ ಬೇಕಾದರೆ ಯಾವ ಗ್ಯಾಸ್ ಉರಿಸಿದರೂ ಬೇಕಾಗುವ ಗಾಳಿ ಹೆಚ್ಚುಕಡಿಮೆ ಒಂದೇ. ಗಂಟೆಗೆ 110ರಿಂದ 120 ಘನ ಮೀಟರ್, ಮೇಲೆ ಕೈಯಳತೆಗೆ, ಅಂದರೆ ಕೊರತೆಯಾಗದಿರಲಿ ಎಂದು, ನೂರಕ್ಕೆ ಹದಿನೈದು ಹೆಚ್ಚು.

‘ಬ್ಲೋವರ್ ಸಮೇತ ಎಲ್ಲ ಬದಲಿಸಬೇಕು’ ಎನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಬ್ಲೋವರ್ ಸಾಮಾನ್ಯವಾಗಿ ಹಾಗೇ ಉಳಿಯಬಹುದು. ಬದಲಾಗಬೇಕಾದ್ದು ಗ್ಯಾಸ್ ಬರುವ ದಾರಿ.

ಒಂದು ಮಿಲಿಮೀಟರ್ ತೂತು

ಆ ದಾರಿಯ ಕೊನೆಯಲ್ಲಿರುವುದು ನಾಜಲ್. ಕೆಲವರು ಜೆಟ್ ಅನ್ನುತ್ತಾರೆ. ಸಣ್ಣ ಬರ್ನರ್‌ಗಳಲ್ಲಿ ಇದು ಹುಣಸೆ ಬೀಜದಷ್ಟು ಗಾತ್ರದ ಹಿತ್ತಾಳೆ ಚೂರು, ನಡುವೆ ಒಂದು ತೂತು. ಇದರಿಂದ ಹೊರಡುವ ಶಾಖವನ್ನು ತೀರ್ಮಾನಿಸುವುದು ತೂತಿನ ವಿಸ್ತೀರ್ಣ, ಹಿಂದಿನ ಒತ್ತಡ, ಮತ್ತು ಗ್ಯಾಸಿನ ಒಂದು ಗುಣ. ಆ ಗುಣಕ್ಕೆ ವೋಬ್ ಸೂಚ್ಯಂಕ ಎಂದು ಹೆಸರು. ಗ್ಯಾಸಿನ ಶಾಖಮೌಲ್ಯವನ್ನು, ಗಾಳಿಗೆ ಹೋಲಿಸಿದ ಅದರ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿದರೆ ಇದು ಸಿಗುತ್ತದೆ. ಹೆಸರು ಕೇಳಿ ಗಾಬರಿ ಬೇಡ. ಒಂದೇ ತೂತಿನಿಂದ, ಒಂದೇ ಒತ್ತಡದಲ್ಲಿ ಯಾವ ಗ್ಯಾಸ್ ಎಷ್ಟು ಶಾಖ ಹೊರಹಾಕುತ್ತದೆ ಅನ್ನುವುದರ ಹೋಲಿಕೆ ಅಷ್ಟೆ. ಘನ ಮೀಟರ್‌ಗೆ ಮೆಗಾಜೂಲ್ ಲೆಕ್ಕದಲ್ಲಿ ನೈಸರ್ಗಿಕ ಅನಿಲಕ್ಕೆ ಇದು 50ರ ಆಸುಪಾಸು, ಎಲ್‌ಪಿಜಿಗೆ 80ರ ಆಸುಪಾಸು.

ಮನೆ ಒಲೆಯ ಉದಾಹರಣೆ ಸುಲಭ. ಎಲ್‌ಪಿಜಿ ರೆಗ್ಯುಲೇಟರ್ ಒತ್ತಡ 30 ಮಿಲಿಬಾರ್. ಪೈಪ್ ಗ್ಯಾಸ್ ಮನೆಗೆ ಬರುವುದು 21 ಮಿಲಿಬಾರ್‌ನಲ್ಲಿ. ಗ್ಯಾಸಿನ ಕಸುವೂ ಕಡಿಮೆ, ಒತ್ತಡವೂ ಕಡಿಮೆ. ಎರಡೂ ಸೇರಿಸಿದರೆ ತೂತಿನ ವಿಸ್ತೀರ್ಣ ಹತ್ತಿರ ಹತ್ತಿರ ಎರಡು ಪಟ್ಟು ಆಗಬೇಕು. ಒಂದು ಮಿಲಿಮೀಟರ್ ಅಗಲದ ತೂತು 1.35ರಿಂದ 1.4 ಮಿಲಿಮೀಟರ್ ಆಗಬೇಕು.

‘ಇಷ್ಟೇನಾ? ನಮ್ಮ ಲೇತ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ.’ ಈ ಮಾತು ಬರುವುದು ಇಲ್ಲೇ. ತೂತು ಕೊರೆಯುವುದು ಐದೇ ನಿಮಿಷ, ಒಪ್ಪೋಣ. ಆದರೆ ಡ್ರಿಲ್ ಬಿಟ್ ಚೂರು ಅಲುಗಾಡಿ ತೂತಿನ ಅಗಲ ನೂರಕ್ಕೆ ಹತ್ತು ಜಾಸ್ತಿಯಾದರೆ ಗ್ಯಾಸ್ ನೂರಕ್ಕೆ 21 ಜಾಸ್ತಿಯಾಗುತ್ತದೆ. ಗಾಳಿಗೆ ಇಟ್ಟಿದ್ದ ಕೈಯಳತೆ ಬರೀ ಹದಿನೈದು. ಅದು ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂತಿನ ಅಂಚಿನಲ್ಲಿ ಉಳಿದ ಒರಟು ಸಿಪ್ಪೆ ಕೂಡ ಗ್ಯಾಸಿನ ಧಾರೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ.

ತಪ್ಪು ಎರಡು ದಿಕ್ಕಿನಲ್ಲಿ ಆಗಬಹುದು. ಎರಡೂ ಒಂದೇ ಸಮ ಅಲ್ಲ. ಎಲ್‌ಪಿಜಿ ನಾಜಲ್‌ಗೆ ಪೈಪ್ ಗ್ಯಾಸ್ ಕೊಟ್ಟರೆ ಶಾಖ ಅರ್ಧಕ್ಕೆ ಇಳಿಯುತ್ತದೆ. ಕೆಲಸ ನಿಧಾನ, ಬೈಗುಳ ಜಾಸ್ತಿ. ತಿರುಗಿಸಿ, ಪೈಪ್ ಗ್ಯಾಸ್ ನಾಜಲ್‌ಗೆ ಎಲ್‌ಪಿಜಿ ಕೊಟ್ಟರೆ ಶಾಖ ಎರಡು ಪಟ್ಟು, ಹಳದಿ ಜ್ವಾಲೆ, ಮಸಿ, ವಿಷಗಾಳಿ. ಪೈಪ್‌ನಲ್ಲಿ ಸರಬರಾಜು ನಿಂತ ದಿನ ‘ಸದ್ಯಕ್ಕೆ ಸಿಲಿಂಡರ್ ಹಾಕಿ ಓಡಿಸೋಣ’ ಅನ್ನುವ ಆಸೆ ಬರುತ್ತದಲ್ಲ, ಅಪಾಯ ಇರುವುದು ಆ ದಿನ.

ಹೊಳೆಯಲ್ಲಿ ನಿಂತ ಮೀನು

ಗ್ಯಾಸ್, ಗಾಳಿ ಸರಿಯಾಗಿ ಅಳೆದರೂ ಕೆಲಸ ಮುಗಿಯಲಿಲ್ಲ. ಬೆಂಕಿ ಒಂದೇ ಕಡೆ ನಿಲ್ಲಬೇಕು.

ಹೇಮಾವತಿಯ ಹರಿವಿನಲ್ಲಿ ಎದುರು ಈಜುವ ಮೀನನ್ನು ನೆನೆಸಿಕೊಳ್ಳಿ. ನೀರಿನ ವೇಗವೂ ಮೀನಿನ ವೇಗವೂ ಸಮ ಇದ್ದರೆ ಮೀನು ನಿಂತಲ್ಲೇ ನಿಂತಂತೆ ಕಾಣುತ್ತದೆ. ಜ್ವಾಲೆಯೂ ಹೀಗೇ. ಅದು ಗ್ಯಾಸ್ ಬರುವ ದಿಕ್ಕಿಗೆ ಎದುರಾಗಿ ಸುಡುತ್ತಾ ಹೋಗುತ್ತದೆ. ಮೀಥೇನ್ ಮತ್ತು ಗಾಳಿಯ ಮಿಶ್ರಣದಲ್ಲಿ ಜ್ವಾಲೆಯ ವೇಗ ಸೆಕೆಂಡಿಗೆ 40 ಸೆಂಟಿಮೀಟರ್‌ನಷ್ಟು. ಪ್ರೊಪೇನ್‌ನಲ್ಲಿ ಅದಕ್ಕಿಂತ ತುಸು ಜಾಸ್ತಿ. ಮಿಶ್ರಣ ಇದಕ್ಕಿಂತ ಜೋರಾಗಿ ಬಂದರೆ ಜ್ವಾಲೆ ಬರ್ನರ್ ಬಾಯಿಂದ ಕಳಚಿ ಮೇಲೆ ಹಾರಿ ಆರುತ್ತದೆ. ನಿಧಾನವಾದರೆ ಬೆಂಕಿ ಬರ್ನರ್ ಒಳಗೇ ನುಗ್ಗುತ್ತದೆ, ಟಪ್ ಎಂದು ಸದ್ದಾಗುತ್ತದೆ.

ಕಾರ್ಖಾನೆ ಬರ್ನರ್‌ನಲ್ಲಿ ಗಾಳಿ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ನುಗ್ಗುತ್ತದೆ. ನಲವತ್ತು ಸೆಂಟಿಮೀಟರ್‌ನ ಮೀನು ಅಲ್ಲಿ ಹೇಗೆ ನಿಲ್ಲಬೇಕು? ಹೊಳೆಯಲ್ಲಿ ಮೀನು ಏನು ಮಾಡುತ್ತದೋ ಅದನ್ನೇ ಇಲ್ಲೂ ಮಾಡಿಸುತ್ತಾರೆ. ದೊಡ್ಡ ಬಂಡೆಯ ಹಿಂದೆ ನೀರು ಸುತ್ತಿಕೊಂಡು ನಿಧಾನವಾಗುತ್ತದೆ. ಮೀನು ಅಲ್ಲಿ ಸುಧಾರಿಸಿಕೊಳ್ಳುತ್ತದೆ. ಬರ್ನರ್ ತಲೆಯಲ್ಲಿ ಓರೆ ಸೀಳುಗಳಿರುವ ಒಂದು ತಟ್ಟೆ ಇರುತ್ತದೆ. ಅದೇ ಆ ಬಂಡೆ. ಗಾಳಿ ಅದಕ್ಕೆ ಬಡಿದು ಸುಳಿಯಾಗುತ್ತದೆ. ಬಿಸಿ ಅನಿಲ ಹಿಂದಕ್ಕೆ ತಿರುಗಿ ಬಂದು ಹೊಸ ಮಿಶ್ರಣವನ್ನು ಹತ್ತಿಸುತ್ತಲೇ ಇರುತ್ತದೆ.

ತಟ್ಟೆಯ ಸೀಳು ಎಷ್ಟು ಓರೆ, ಗ್ಯಾಸಿನ ತೂತುಗಳು ಅದರಿಂದ ಎಷ್ಟು ದೂರ ಅನ್ನುವುದು ಜ್ವಾಲೆಯ ಉದ್ದ, ದಪ್ಪ ಎರಡನ್ನೂ ತೀರ್ಮಾನಿಸುತ್ತದೆ. ಬಾಯ್ಲರ್ ಕೊಳವೆಗೆ ಉದ್ದ ಜ್ವಾಲೆ ಬೇಕು. ಕಾಫಿ ರೋಸ್ಟರ್‌ನ ಡ್ರಮ್ ಕೆಳಗೆ ಗಿಡ್ಡ ಜ್ವಾಲೆಗಳ ಸಾಲು ಬೇಕು. ಅಲ್ಲಿ ಜ್ವಾಲೆಯ ತುದಿ ಡ್ರಮ್ಮಿಗೆ ಒಂದೇ ಕಡೆ ತಗುಲಿದರೆ ಆ ಜಾಗದಲ್ಲಿ ಬೀಜ ಕರಕಲು. ಹಾಗಾಗಿ ಗ್ಯಾಸ್ ಬದಲಿಸಿದ ಮೇಲೆ ಶಾಖ ಸರಿಯಾಗಿ ಬಂದರೂ ಜ್ವಾಲೆಯ ಆಕಾರ ಬದಲಾಗಿ ರುಚಿ ಕೆಡಬಹುದು. ಕೆಲವು ಬರ್ನರ್‌ಗಳಿಗೆ ತಲೆಯನ್ನೇ ಬದಲಿಸಿ ಎಂದು ತಯಾರಕರು ಹೇಳುವುದು ಇದಕ್ಕೇ. ಪ್ರತಿ ಸಲವೂ ಅದು ವ್ಯಾಪಾರದ ಮಾತಲ್ಲ.

ತಲೆಯ ಲೋಹವೂ ಮುಖ್ಯ. ಮಾಮೂಲಿ 304 ಸ್ಟೇನ್‌ಲೆಸ್ ಸ್ಟೀಲ್ 900 ಡಿಗ್ರಿ ಹತ್ತಿರ ಪದರ ಪದರವಾಗಿ ಕಿತ್ತುಬರಲು ಶುರುಮಾಡುತ್ತದೆ. 310 ದರ್ಜೆ 1,100 ಡಿಗ್ರಿವರೆಗೂ ತಡೆಯುತ್ತದೆ, ಬೆಲೆ ಜಾಸ್ತಿ. ನೋಡಲು ಎರಡೂ ಒಂದೇ ಥರ ಹೊಳೆಯುತ್ತವೆ.

ಘಟ್ಟದ ಮೇಲಿನ ತೆಳು ಗಾಳಿ

ಬೇರೆ ಊರಿನ ಲೇಖನ ಓದಿದರೆ ಸಿಗದ ವಿಷಯ ಇದು. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಚಿಕ್ಕಮಗಳೂರು 1,000 ಮೀಟರ್ ದಾಟಿದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತು ಹನ್ನೊಂದು ಕಡಿಮೆ. ಬ್ಲೋವರ್ ಗಂಟೆಗೆ ಅಷ್ಟೇ ಘನ ಮೀಟರ್ ಗಾಳಿ ಊದುತ್ತದೆ, ಆದರೆ ಅದರಲ್ಲಿರುವ ಆಮ್ಲಜನಕ ಹನ್ನೊಂದು ಪಾಲು ಕಡಿಮೆ.

ಗ್ಯಾಸೂ ಅಷ್ಟೇ ಕಡಿಮೆಯಾದರೆ ಗಲಾಟೆ ಇರುತ್ತಿರಲಿಲ್ಲ. ಆದರೆ ರೆಗ್ಯುಲೇಟರ್ ಕಾಯ್ದುಕೊಳ್ಳುವುದು ಹೊರಗಿನ ಗಾಳಿಗಿಂತ ಎಷ್ಟು ಮಿಲಿಬಾರ್ ಜಾಸ್ತಿ ಅನ್ನುವುದನ್ನು ಮಾತ್ರ. ತೆಳುವಾದ ಗ್ಯಾಸ್ ತೂತಿನಿಂದ ತುಸು ಜೋರಾಗಿ ನುಗ್ಗುತ್ತದೆ. ಲೆಕ್ಕ ಹಾಕಿದರೆ ತೂಕದಲ್ಲಿ ಗ್ಯಾಸ್ ಕಡಿಮೆಯಾಗುವುದು ನೂರಕ್ಕೆ ಐದಾರು ಮಾತ್ರ. ಗಾಳಿ ಹನ್ನೊಂದು ಇಳಿಯಿತು, ಗ್ಯಾಸ್ ಆರು ಇಳಿಯಿತು. ಉಳಿದ ಐದು ಗಾಳಿಯ ಕೈಯಳತೆಯಿಂದ ಹೋಗುತ್ತದೆ.

ಹೀಗಾಗಿ ಕರಾವಳಿಯಲ್ಲೋ ಚೆನ್ನೈಯಲ್ಲೋ ಪರೀಕ್ಷೆ ಮಾಡಿ ಸೀಲ್ ಹಾಕಿ ಕಳಿಸಿದ ಬರ್ನರ್ ಇಲ್ಲಿ ಹೇಳಿದಷ್ಟು ಶಾಖ ಕೊಡುವುದಿಲ್ಲ. ‘ಕಂಪನಿಯವರು ಮೋಸ ಮಾಡಿದರು’ ಎಂದು ಗ್ಯಾಸ್ ಒತ್ತಡ ಏರಿಸಿದರೆ ಗಾಳಿ ಇನ್ನೂ ಸಾಲದಾಗುತ್ತದೆ. ಹೊಸ ಬರ್ನರ್ ಕೊಳ್ಳುವವರಿಗೆ ಸರಿಯಾದ ದಾರಿ ಎಂದರೆ ಮೊದಲೇ ಒಂದು ಸೈಜ್ ದೊಡ್ಡ ಬ್ಲೋವರ್ ಕೇಳುವುದು. ಬಂದ ಮೇಲೆ ಚಿಮಣಿಯಲ್ಲಿ ಅನಲೈಸರ್ (ಹೊಗೆಯಲ್ಲಿರುವ ಅನಿಲ ಅಳೆಯುವ ಯಂತ್ರ) ಇಟ್ಟು ಆಮ್ಲಜನಕ ನೂರಕ್ಕೆ ಮೂರರ ಹತ್ತಿರ ನಿಲ್ಲುವಂತೆ ಇಲ್ಲೇ ತಿರುಪು ತಿರುಗಿಸುವುದು. ಬಾಯ್ಲರ್‌ಗೆ ಈ ಮೂರು ಸರಿ. ಬಿಸಿಗಾಳಿ ನೇರ ಹೋಗುವ ಡ್ರೈಯರ್‌ನಲ್ಲಿ ಗಾಳಿ ಹೇಗೂ ಧಾರಾಳ ಇರುತ್ತದೆ. ಅಲ್ಲಿ ನೋಡಬೇಕಾದ್ದು ಕಾರ್ಬನ್ ಮಾನಾಕ್ಸೈಡ್.

ಎತ್ತರದ ಜೊತೆ ಚಳಿಯೂ ಇದೆ. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಗೆ ಅರ್ಧ ಡಿಗ್ರಿ ಕೆಳಗೆ. ಡಿಸೆಂಬರ್ ಬೆಳಗ್ಗೆ ಮೂಡಿಗೆರೆ ಕಡೆ ಸಿಲಿಂಡರ್‌ನಿಂದ ಜೋರಾಗಿ ಎಳೆದರೆ ಒಳಗಿನ ದ್ರವ ಆವಿಯಾಗುತ್ತಾ ಸಿಲಿಂಡರನ್ನೇ ತಣ್ಣಗಾಗಿಸುತ್ತದೆ. ಮೈಮೇಲೆ ಬಿಳಿ ಮಂಜು ಕಟ್ಟುತ್ತದೆ, ಒತ್ತಡ ಬೀಳುತ್ತದೆ, ಬರ್ನರ್ ಕೆಮ್ಮುತ್ತದೆ. 19 ಕಿಲೋ ಸಿಲಿಂಡರ್ ಒಂದರಿಂದ ಬಿಡದೆ ಎಳೆಯಬಹುದಾದ್ದು ಗಂಟೆಗೆ ಒಂದು ಕಿಲೋ ಆಸುಪಾಸು. ಒಂದು ಲಕ್ಷ ಕಿಲೋಕ್ಯಾಲರಿಯ ಬರ್ನರ್‌ಗೆ ಒಂಬತ್ತು ಹತ್ತು ಸಿಲಿಂಡರ್ ಸಾಲಾಗಿ ಜೋಡಿಸಬೇಕು, ಇಲ್ಲವೇ ದ್ರವವನ್ನು ಬಿಸಿ ಮಾಡಿ ಆವಿ ಮಾಡುವ ವೇಪರೈಸರ್ ಇಡಬೇಕು. ನೂರು ಕಿಲೋಗಿಂತ ಜಾಸ್ತಿ ಎಲ್‌ಪಿಜಿ ಇಡಲು ಲೈಸೆನ್ಸ್ ಬೇಕು ಅನ್ನುವುದನ್ನು ಇಲ್ಲಿ ನೆನಪಿಡಬೇಕು. ಕೊಡಪಾನದಲ್ಲಿ ಬಿಸಿನೀರು ತಂದು ಸಿಲಿಂಡರ್ ಮೇಲೆ ಸುರಿಯುವುದು ಮಾತ್ರ ಯಾವ ನಿಯಮದಲ್ಲೂ ಇಲ್ಲ. ಪೈಪ್ ಗ್ಯಾಸ್‌ನ ಪರವಾಗಿ ಹೇಳಬಹುದಾದ ಗಟ್ಟಿ ಕಾರಣ ಚಳಿಯ ಈ ತಾಪತ್ರಯವೇ. ಮೀಥೇನ್‌ಗೆ ನಮ್ಮ ಚಳಿ ಲೆಕ್ಕವೇ ಅಲ್ಲ.

ಹತ್ತು ಸೆಕೆಂಡ್

ಬರ್ನರ್‌ನ ದರಪಟ್ಟಿ ಕೈಗೆ ಬಂದಾಗ ಕಣ್ಣು ಕುಕ್ಕುವುದು ಬರ್ನರ್‌ನ ಬೆಲೆಯಲ್ಲ, ‘ಗ್ಯಾಸ್ ಟ್ರೇನ್’ ಎಂಬ ಸಾಲು. ಫಿಲ್ಟರ್, ರೆಗ್ಯುಲೇಟರ್, ಒತ್ತಡ ಕಡಿಮೆಯಾದರೂ ಜಾಸ್ತಿಯಾದರೂ ನಿಲ್ಲಿಸುವ ಸ್ವಿಚ್‌ಗಳು, ಒಂದರ ಹಿಂದೆ ಒಂದು ಎರಡು ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್). ಒಂದು ಸಾಲದೇ ಎಂದು ಕೇಳುವವರಿದ್ದಾರೆ. ಒಂದರ ಸೀಟಿನಲ್ಲಿ ಕಸ ಕೂತು ಮುಚ್ಚದಿದ್ದರೆ ಇನ್ನೊಂದು ಮುಚ್ಚಲಿ ಎಂದೇ ಎರಡು.

ಇದರ ಬೆಲೆ ಅರ್ಥವಾಗಬೇಕಾದರೆ ಒಂದು ಚಿಕ್ಕ ಲೆಕ್ಕ ಸಾಕು. ಅದೇ ಒಂದು ಲಕ್ಷದ ಬರ್ನರ್. ಉರಿ ಆರಿತು, ಗ್ಯಾಸ್ ನಿಲ್ಲಲಿಲ್ಲ. ಹತ್ತು ಸೆಕೆಂಡಿನಲ್ಲಿ ಒಳಗೆ ಸೇರುವ ನೈಸರ್ಗಿಕ ಅನಿಲ ಸುಮಾರು 33 ಲೀಟರ್. ಗಾಳಿಯಲ್ಲಿ ಮೀಥೇನ್ ನೂರಕ್ಕೆ ಐದು ಇದ್ದರೆ ಸಿಡಿಯಬಲ್ಲದು. ಅಂದರೆ ಆ 33 ಲೀಟರ್ ಸೇರಿ 650 ಲೀಟರ್ ಸಿಡಿಮದ್ದು ತಯಾರು. ಇನ್ನೂರು ಲೀಟರ್‌ನ ಮೂರು ಡೀಸೆಲ್ ಡ್ರಮ್ ತುಂಬಿ ಮಿಗುವಷ್ಟು. ಎಲ್‌ಪಿಜಿಯಾದರೆ ಒಳಗೆ ಬರುವುದು 12 ಲೀಟರ್ ಮಾತ್ರ, ಆದರೆ ಅದು ನೂರಕ್ಕೆ ಎರಡಕ್ಕೇ ಸಿಡಿಯುತ್ತದೆ. ಕೊನೆಗೆ ಬರುವ ಉತ್ತರ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದಲೇ ಒಳ್ಳೆಯ ಬರ್ನರ್ ಸ್ವಿಚ್ ಒತ್ತಿದ ಕೂಡಲೇ ಹತ್ತಿಕೊಳ್ಳುವುದಿಲ್ಲ. ಮೊದಲು ಬರೀ ಗಾಳಿ ಊದಿ ಒಳಗಿರುವುದನ್ನೆಲ್ಲ ಹೊರಹಾಕುತ್ತದೆ. ಆಮೇಲೆ ಕಿಡಿ, ಆಮೇಲೆ ಸಣ್ಣ ಗ್ಯಾಸ್. ಕೆಲವೇ ಸೆಕೆಂಡಿನಲ್ಲಿ ಜ್ವಾಲೆ ಕಾಣಿಸಿದರೆ ಸರಿ, ಇಲ್ಲದಿದ್ದರೆ ಎಲ್ಲ ಬಂದ್. ನಡುವೆ ಉರಿ ಆರಿದರೂ ಒಂದರಿಂದ ನಾಲ್ಕು ಸೆಕೆಂಡಿನೊಳಗೆ ವಾಲ್ವ್ ಮುಚ್ಚಬೇಕು. ಕಾವಲಿಗೆ ಒಂದು ಸೆನ್ಸರ್ ಇರುತ್ತದೆ. ಜ್ವಾಲೆಯ ಅತಿನೇರಳೆ ಕಿರಣ ನೋಡುವುದೋ, ಜ್ವಾಲೆಯ ಮೂಲಕ ಹರಿಯುವ ಸಣ್ಣ ವಿದ್ಯುತ್ ಅಳೆಯುವುದೋ. ಅದರ ಗಾಜಿಗೆ ಮಸಿ ಹಿಡಿದು ಬರ್ನರ್ ಪದೇ ಪದೇ ನಿಂತಾಗ ಒರೆಸುವ ಬದಲು ವೈರ್ ಜಂಪ್ ಮಾಡುವ, ಅಂದರೆ ಸೆನ್ಸರ್ ತಪ್ಪಿಸಿ ವೈರ್ ಜೋಡಿಸುವ, ‘ಬುದ್ಧಿವಂತಿಕೆ’ ಎಲ್ಲ ಕಡೆ ಇದೆ. ಜಂಪ್ ಮಾಡಿದ ಕ್ಷಣದಿಂದ ಆ ಬರ್ನರ್ ಕುರುಡ.

ಗ್ಯಾಸ್ ಬದಲಾದರೆ ಇಲ್ಲೂ ಬದಲಾವಣೆ ಇದೆ. ನೈಸರ್ಗಿಕ ಅನಿಲ ಪರಿಮಾಣದಲ್ಲಿ ಮೂರು ಪಟ್ಟಿನ ಹತ್ತಿರ ಬೇಕಾದ್ದರಿಂದ ಹಳೆ ವಾಲ್ವ್, ಹಳೆ ಪೈಪು ಚಿಕ್ಕದಾಗಬಹುದು. ಇನ್ನೊಂದು, ಯಾರೂ ಗಮನಿಸದ್ದು. ಎಲ್‌ಪಿಜಿ ಸೋರಿದರೆ ನೆಲಕ್ಕೆ ಇಳಿದು ಚರಂಡಿಯಲ್ಲಿ ಕೂರುತ್ತದೆ, ಸೋರಿಕೆ ಪತ್ತೆ ಯಂತ್ರ ಗೋಡೆಯ ಬುಡದಲ್ಲಿರುತ್ತದೆ. ನೈಸರ್ಗಿಕ ಅನಿಲ ಮೇಲಕ್ಕೇರಿ ಶೀಟಿನ ಕೆಳಗೆ ಸೇರುತ್ತದೆ. ಬರ್ನರ್ ಬದಲಿಸಿ ಆ ಯಂತ್ರವನ್ನು ಅಲ್ಲೇ ಬಿಟ್ಟರೆ ಅದು ಗೋಡೆಗೆ ಅಲಂಕಾರ.

ಯಾರ ಲೆಕ್ಕ ಸರಿ?

ಗ್ಯಾಸ್ ಮಾರುವವರ ವಾದ ನೇರ. ಸಿಲಿಂಡರ್ ಹೊರಬೇಕಿಲ್ಲ, ದಾಸ್ತಾನು ಬೇಕಿಲ್ಲ, ಉರಿಸಿದಷ್ಟಕ್ಕೆ ಬಿಲ್ಲು. ಅಗ್ಗವೂ ಹೌದು ಎನ್ನುತ್ತಾರೆ. ಅಗ್ಗವೋ ಅಲ್ಲವೋ ಎಂದು ನೋಡುವುದು ಸುಲಭ. ಒಂದು ಕಿಲೋ ಎಲ್‌ಪಿಜಿಯ ಶಾಖಕ್ಕೆ ಸುಮಾರು 1.27 ಘನ ಮೀಟರ್ ನೈಸರ್ಗಿಕ ಅನಿಲ ಸಮ. 19 ಕಿಲೋ ಸಿಲಿಂಡರ್ ಎಂದರೆ 24 ಘನ ಮೀಟರ್. ಸಿಲಿಂಡರ್ ದರವನ್ನು 24ರಿಂದ ಭಾಗಿಸಿ, ಪೈಪ್ ಗ್ಯಾಸ್ ದರದ ಪಕ್ಕ ಇಡಿ.

ಆದರೆ ತೆರಿಗೆ ಮರೆಯಬೇಡಿ. ವಾಣಿಜ್ಯ ಎಲ್‌ಪಿಜಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ನೋಂದಾಯಿತ ಕಾರ್ಖಾನೆಗಳು ಸಾಮಾನ್ಯವಾಗಿ ಅದನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನೈಸರ್ಗಿಕ ಅನಿಲ ಜಿಎಸ್‌ಟಿಯಿಂದ ಹೊರಗಿದೆ, ಅದಕ್ಕೆ ವ್ಯಾಟ್. ಆ ವ್ಯಾಟ್ ಜಿಎಸ್‌ಟಿ ಲೆಕ್ಕದಲ್ಲಿ ಕಳೆಯುವುದಿಲ್ಲ. ಕಾಗದದ ಮೇಲೆ ಅಗ್ಗವಾಗಿ ಕಂಡದ್ದು ವರ್ಷದ ಕೊನೆಗೆ ಸಮವಾಗಬಹುದು. ಜೊತೆಗೆ ದೇಶದೊಳಗಿನ ಅಗ್ಗದ ಅನಿಲದಲ್ಲಿ ಮೊದಲ ಪಾಲು ಮನೆಗಳಿಗೆ ಮತ್ತು ವಾಹನಗಳಿಗೆ ಹೋಗುತ್ತದೆ. ಕಾರ್ಖಾನೆಗೆ ಸಿಗುವುದರಲ್ಲಿ ಆಮದು ಅನಿಲವೇ ಜಾಸ್ತಿ. ಎಲ್‌ಪಿಜಿಯಲ್ಲೂ ದೇಶ ಅರ್ಧಕ್ಕಿಂತ ಹೆಚ್ಚು ಆಮದಿನ ಮೇಲೇ ನಿಂತಿದೆ. ಹೊರಗಡೆ ಯುದ್ಧವೋ ಹಡಗಿನ ತಡೆಯೋ ಆದರೆ ಎರಡಕ್ಕೂ ಬಿಸಿ ತಟ್ಟುತ್ತದೆ.

ತೋಟದ ಮಾಲೀಕರ ತಕರಾರು ಬೇರೆ. ಡ್ರೈಯರ್ ಓಡುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಕಾರ್ಖಾನೆಗಳ ಪೈಪ್ ಗ್ಯಾಸ್ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಇಷ್ಟು ಬಳಸಲೇಬೇಕು ಎಂಬ ಷರತ್ತಿರುತ್ತದೆ. ಉಳಿದ ಎಂಟು ತಿಂಗಳು ಉರಿಸದ ಗ್ಯಾಸಿಗೆ ಯಾಕೆ ದುಡ್ಡು? ಅವರ ತೋಟದಲ್ಲೇ ಸಿಲ್ವರ್ ಓಕ್ ಸೌದೆ ಇದೆ, ಕಾಫಿ ಹೊಟ್ಟು ಇದೆ. ಈ ವಾದದಲ್ಲಿ ತೂಕವಿದೆ. ಅಲ್ಲದೆ ಗುಡ್ಡದ ತೋಟಕ್ಕೆ ಕೊಳವೆ ಏರುವ ದಿನ ಸದ್ಯಕ್ಕೆ ಕಾಣುವುದಿಲ್ಲ. ಸೌದೆ ಉರಿಸುವವರು ಹೊಗೆ ಮಾಲಿಗೆ ತಾಗದಂತೆ ಶಾಖ ವಿನಿಮಯಕ ಇಟ್ಟುಕೊಂಡರೆ ಸಾಕು. ಪಾರ್ಚ್‌ಮೆಂಟ್ ಹೊಗೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಕಾಫಿ ಕುಡಿಯುವಾಗ ಸಿಕ್ಕಿಬೀಳುತ್ತದೆ.

ವರ್ಷವಿಡೀ ಉರಿಸುವವರ ಮಾತು ಬೇರೆ. ಡೈರಿ, ಬಟ್ಟೆ ಗಿರಣಿ, ರೋಸ್ಟಿಂಗ್ ಘಟಕ, ದೊಡ್ಡ ಹೋಟೆಲ್, ಹಾಸ್ಟೆಲ್ ಅಡುಗೆಮನೆಗಳಿಗೆ ಪೈಪ್ ಗ್ಯಾಸ್ ಹೊಂದುತ್ತದೆ ಎಂದೇ ನನ್ನ ಅಭಿಪ್ರಾಯ. ದರ ಸಮ ಇದ್ದರೂ ಸರಿ. ಹತ್ತು ಸಿಲಿಂಡರ್‌ನ ಸಾಲು ಅಂಗಳದಿಂದ ಹೋಗುವುದೇ ಒಂದು ಲಾಭ.

ನಡುವೆ ಮೂರನೇ ಗ್ಯಾಸ್ ಒಂದಿದೆ. ಪಲ್ಪಿಂಗ್ ನೀರಿನಿಂದ ಬಯೋಗ್ಯಾಸ್ ಮಾಡುವ ತೋಟಗಳಿವೆ. ಅದರಲ್ಲಿ ಮೀಥೇನ್ ನೂರಕ್ಕೆ 55ರಿಂದ 60, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ವೋಬ್ ಸೂಚ್ಯಂಕ ಪೈಪ್ ಗ್ಯಾಸ್‌ನ ಅರ್ಧಕ್ಕೂ ಕಡಿಮೆ, ಜ್ವಾಲೆಯೂ ಮಂದ. ಇದಕ್ಕೆ ತೂತು ಇನ್ನೂ ದೊಡ್ಡದು ಬೇಕು, ಜ್ವಾಲೆ ನಿಲ್ಲಿಸುವ ತಟ್ಟೆ ಎಂಬ ಆ ಬಂಡೆಯೂ ದೊಡ್ಡದು ಬೇಕು. ಶುದ್ಧ ಮಾಡಿದ ಬಯೋಗ್ಯಾಸನ್ನು ನಗರ ಅನಿಲದಲ್ಲಿ ಬೆರೆಸುವುದು ಈಗ ಕಡ್ಡಾಯ. 2025–26ರಲ್ಲಿ ನೂರಕ್ಕೆ ಒಂದರಿಂದ ಶುರುವಾಗಿ 2028–29ರ ಹೊತ್ತಿಗೆ ಐದಕ್ಕೆ ಏರಬೇಕು. ಶುದ್ಧ ಮಾಡಿದ ಮೇಲೆ ಅದೂ ಮೀಥೇನೇ. ಬರ್ನರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮುಂದೆ ಆಗುವುದೇನು

ಕೊಳವೆ ಬಂದ ಕಡೆಗಳಲ್ಲಿ ಹಳೆ ಎಲ್‌ಪಿಜಿ ಬರ್ನರ್‌ಗಳು ಗುಜರಿಗೆ ಹೋಗುವುದಿಲ್ಲ. ಅಗ್ಗದ ದರಕ್ಕೆ ತೋಟಗಳಿಗೆ, ಬೇಕರಿಗಳಿಗೆ ದಾಟುತ್ತವೆ. ಅರ್ಧ ಮಾರ್ಪಾಡಾದ ಬರ್ನರ್‌ಗಳೂ ಆ ಗುಂಪಿನಲ್ಲಿ ಇರುತ್ತವೆ. ಅನಲೈಸರ್ ಹಿಡಿದು ಬರುವ ಮೆಕ್ಯಾನಿಕ್‌ಗಳಿಗೆ ಬೇಡಿಕೆ ಏರುತ್ತದೆ. ಕಣ್ಣಳತೆಯಲ್ಲಿ ‘ನೀಲಿ ಬಂತು, ಸಾಕು’ ಎನ್ನುವವರೂ ಇರುತ್ತಾರೆ. ನೀಲಿ ಜ್ವಾಲೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ಇರಬಹುದು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಪ್ರತಿ ಬರ್ನರ್‌ನ ಮೈಮೇಲೆ ಅಂಗೈಯಗಲದ ಒಂದು ತಗಡಿನ ಪಟ್ಟಿ ಇರುತ್ತದೆ. ಯಾವ ಗ್ಯಾಸ್, ಎಷ್ಟು ಒತ್ತಡ, ಎಷ್ಟು ಶಾಖ ಎಂದು ಅದರಲ್ಲಿ ಕೊರೆದಿರುತ್ತಾರೆ. ಮಾರ್ಪಾಡು ಮಾಡುವವರು ನಾಜಲ್ ಬದಲಿಸುತ್ತಾರೆ, ರೆಗ್ಯುಲೇಟರ್ ಸ್ಪ್ರಿಂಗ್ ಬದಲಿಸುತ್ತಾರೆ, ದುಡ್ಡು ಎಣಿಸಿಕೊಂಡು ಹೊರಡುತ್ತಾರೆ. ಪಟ್ಟಿಯಲ್ಲಿ ‘ಎಲ್‌ಪಿಜಿ’ ಎಂದು ಹಾಗೇ ಉಳಿದಿರುತ್ತದೆ. ಎರಡು ವರ್ಷ ಬಿಟ್ಟು ಅದೇ ಬರ್ನರ್ ಇನ್ನೊಬ್ಬರ ತೋಟ ಸೇರಿದಾಗ, ಅಲ್ಲಿನವರು ಪಟ್ಟಿ ಓದಿ, ಸರಿಯಾಗೇ ಇದೆಯಲ್ಲ ಎಂದು ಸಿಲಿಂಡರ್ ಜೋಡಿಸುತ್ತಾರೆ. ಒಳಗಿರುವ ತೂತು ಮಾತ್ರ 1.4 ಮಿಲಿಮೀಟರ್.